ಕಪ್ಪು ಕವರಿನ ಗಾಜು

ಹಾಸನ,
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಮಂಜು,

ಹೇಗಿದ್ದೀಯೋ? ಚಳಿ ಬಿದ್ದ ಕೂಡಲೇ ಮೂಗು ಕಟ್ಟಿಕೊಂಡು ಹದಿನೈದು ದಿನ ಕೆಮ್ಮುವವನು ನೀನು. ಈ ವರ್ಷ ಪಕ್ಕದಲ್ಲಿ ನಿನ್ನ ಕೆಮ್ಮು ಕೇಳಿಸದೆ ಚಳಿ ಶುರುವಾಗಿದ್ದೇ ನನಗೆ ತಿಳಿಯಲಿಲ್ಲ. ಬೆಳಿಗ್ಗೆ ಆರೂವರೆಗೇ ಅರಕಲಗೂಡಿನಲ್ಲಿ ಬಸ್ಸು ಹತ್ತಿ ಹೊಳೆನರಸೀಪುರದ ಕಾಲೇಜಿಗೆ ಹೋಗುತ್ತೀಯಂತೆ. ಕಿವಿಗೆ ಮಫ್ಲರ್ ಕಟ್ಟಿಕೊಂಡು ಹೋಗು, ಯಾರೂ ನಗುವುದಿಲ್ಲ. ನಕ್ಕರೆ ನಗಲಿ ಬಿಡು. ಸಣ್ಣಕ್ಕತ್ತೆಯ ಮಂಡಿನೋವು ಕಡಿಮೆಯಾಯಿತಾ? ಅತ್ತೆ ನಿನ್ನ ತಟ್ಟೆಗೆ ಮುದ್ದೆ ಹಾಕುವಾಗ ಕೈ ಬಿಗಿ ಹಿಡಿಯುವುದಿಲ್ಲ ಎಂದು ಅವ್ವ ಹೇಳಿದಳು. ಕೇಳಿ ಸಮಾಧಾನವಾಯಿತು. ನಾನಂತೂ ನಿನಗೆ ಎರಡನೇ ಸಲ ಸಾರು ಬೇಕಾ ಎಂದು ಕೇಳಿದವಳೇ ಅಲ್ಲ.

ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ ಎಂದು ಗೊತ್ತಿದೆ. ಅದಕ್ಕೆ ಬೇಜಾರಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೆ ಇನ್ನೂ ಏನೇನು ಮಾಡುತ್ತಿದ್ದೆನೋ. ಅವ್ವನ ಫೋನಿನಿಂದ ಮಾಡಬಹುದಿತ್ತು, ಆದರೆ ಅವ್ವ ಪಕ್ಕದಲ್ಲಿ ನಿಂತಿದ್ದರೆ ನೀನು ಹೂಂ, ಊಹೂಂ ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಸಿಟ್ಟು ಬಂದಾಗ ಮಡಚಿಟ್ಟು, ಇಳಿದ ಮೇಲೆ ಮತ್ತೆ ತೆಗೆದು ಓದಬಹುದು. ಎಸ್ಸೆಸ್ಸೆಲ್ಸಿಯಲ್ಲಿ ರಜಾ ಅರ್ಜಿ ಬರೆದ ಮೇಲೆ ಪರೀಕ್ಷೆ ಬಿಟ್ಟರೆ ನಾನು ಕೈಯಲ್ಲಿ ಕಾಗದ ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ವಕ್ರವಾಗಿದ್ದರೆ ಸಹಿಸಿಕೋ.

ನಾವಿಬ್ಬರೂ ಪ್ರೇಮಕುಮಾರಿ ಮೇಡಂ ಮನೆಯ ಮಹಡಿ ಮೇಲಿನ ರೂಮಿಗೆ ಬಂದ ದಿನ ನಿನಗೆ ನೆನಪಿರಬೇಕು. ನಾನು ಬಿ.ಕಾಂ. ಎರಡನೇ ವರ್ಷ, ನೀನು ಡಿಪ್ಲೊಮಾಕ್ಕೆ ಹೊಸದಾಗಿ ಸೇರಿದ್ದೆ. ಬಂದ ವಾರವೇ ನೀನು ಮಾರ್ಕೆಟ್ಟಿಗೆ ಹೋಗಿ ಒಂದು ಹಸಿರು, ಒಂದು ನೀಲಿ ಬಕೆಟ್ ತಂದೆ. ಹಸಿರಿಗೆ ಹಸಿ ಕಸ, ನೀಲಿಗೆ ಒಣ ಕಸ ಎಂದು ಚೀಟಿ ಬರೆದು ಟೇಪು ಹಚ್ಚಿದೆ. ಹಾಲಿನ ಕವರನ್ನು ತೊಳೆದು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸುತ್ತಿದ್ದೆ. ನಾನು ಅದಕ್ಕೆ ನಗುತ್ತಿದ್ದೆ. ನನ್ನ ಗೆಳತಿ ಮೇಘಶ್ರೀ ಬರುತ್ತಾಳೆಂದರೆ ಮೊದಲು ಆ ಕವರುಗಳನ್ನು ಕಿತ್ತು ಮಂಚದ ಕೆಳಗೆ ತಳ್ಳುತ್ತಿದ್ದೆ. ಮಲಗಿದಲ್ಲಿಂದಲೇ ಬಾಳೆಹಣ್ಣಿನ ಸಿಪ್ಪೆಯನ್ನು ಎಸೆದರೆ ಅದು ನೀಲಿಗೆ ಬೀಳುತ್ತಿತ್ತು, ಗೋಬಿ ಮಂಚೂರಿಯ ಡಬ್ಬಿ ಹಸಿರಿಗೆ ಬೀಳುತ್ತಿತ್ತು. ನೀನು ಕಾಲೇಜಿನಿಂದ ಬಂದು, ಕೈ ಹಾಕಿ, ಒಂದೊಂದಾಗಿ ಅತ್ತಿತ್ತ ಬದಲಾಯಿಸುತ್ತಿದ್ದೆ. ಹತ್ತು ಸಲ ಹೇಳಿದೆ, ಹನ್ನೊಂದನೇ ಸಲ ಹೇಳುವುದನ್ನು ಬಿಟ್ಟೆ. ನಾನು ಗೆದ್ದೆ ಎಂದುಕೊಂಡೆ. ಏಳುವುದು, ನಾಲ್ಕು ಹೆಜ್ಜೆ ನಡೆಯುವುದು, ಯಾವ ಬಕೆಟ್ಟು ಎಂದು ಒಂದು ಸಲ ನೋಡುವುದು, ಇಷ್ಟೇ ಕೆಲಸ. ಅಷ್ಟೂ ನನ್ನಿಂದ ಆಗುತ್ತಿರಲಿಲ್ಲ. ಕಷ್ಟವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬರೀ ಸೋಮಾರಿತನ, ಅದಕ್ಕೆ ಬೇರೆ ಹೆಸರಿಲ್ಲ.

ಇಷ್ಟಾದರೂ ಪರಿಸರ ದಿನದಂದು ಕಾಲೇಜಿನಲ್ಲಿ ಭಾಷಣಕ್ಕೆ ಹೆಸರು ಕೊಟ್ಟವಳು ನಾನೇ. ಹಿಂದಿನ ಸಂಜೆ ನಿನ್ನನ್ನು ಕೂರಿಸಿಕೊಂಡು ಕೇಳಿದೆ. ಹಸಿ ಒಣ ಬೆರೆತರೆ ಏನಾಗುತ್ತದೆ, ಕಸದ ಆಟೋದವರು ಅದನ್ನು ಹೇಗೆ ಬೇರೆ ಮಾಡುತ್ತಾರೆ, ಎಣ್ಣೆ ಮೆತ್ತಿದ ಕಾಗದ ಯಾಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ, ಎಲ್ಲವನ್ನೂ ನೀನು ಹೇಳಿದೆ. ಅದನ್ನೆಲ್ಲ ನಿನಗೆ ಹೇಳಿಕೊಟ್ಟವರು ಆಟೋದ ಜೊತೆ ಬರುವ ನೀಲಗಂಗಮ್ಮ. ಬೆಳಿಗ್ಗೆ ಕಸ ಕೊಡುವಾಗ ಅವರ ಜೊತೆ ನಿಂತು ಮಾತಾಡುವವನು ನಮ್ಮ ಬೀದಿಯಲ್ಲಿ ನೀನೊಬ್ಬನೇ ಇದ್ದೆ. ನಿನ್ನ ಮಾತನ್ನೇ ನಾನು ಮೈಕಿನ ಮುಂದೆ ಏರು ದನಿಯಲ್ಲಿ ಹೇಳಿದೆ. ಮೊದಲ ಬಹುಮಾನ ಬಂತು. ಇಲ್ಲಿಯ ಪೇಪರಿನಲ್ಲಿ ಹೆಬ್ಬೆರಳಷ್ಟು ಫೋಟೋ ಕೂಡ ಬಂತು. ಪ್ರೇಮಕುಮಾರಿ ಮೇಡಂ ಅದನ್ನು ಕತ್ತರಿಸಿ ತಮ್ಮ ಫ್ರಿಜ್ಜಿನ ಮೇಲೆ ಅಂಟಿಸಿದರು. ನೀನೂ ಖುಷಿಪಟ್ಟೆ. ನನ್ನ ಮಾತು ಕದ್ದೆ ಎಂದು ತಮಾಷೆಗೂ ಹೇಳಲಿಲ್ಲ.

ಮುಂದಿನದು ನಿನಗೆ ಅರ್ಧ ಗೊತ್ತಿದೆ. ಉಳಿದರ್ಧವನ್ನು ಈಗ ಹೇಳುತ್ತೇನೆ. ಜುಲೈ ಆರು, ಭಾನುವಾರ. ನೀನು ಸ್ಟೇಡಿಯಂ ಕಡೆ ಆಡಲು ಹೋಗಿದ್ದೆ. ಅವ್ವ ಕಳಿಸಿದ್ದ ಮಾವಿನ ಉಪ್ಪಿನಕಾಯಿಯ ಗಾಜಿನ ಜಾಡಿಯನ್ನು ಶೆಲ್ಫಿನಿಂದ ಎಳೆದುಕೊಂಡೆ. ಒಂದು ಕೈಯಲ್ಲಿ ಮೊಬೈಲ್ ಇತ್ತು. ಜಾಡಿ ಬಿದ್ದು ಚೂರಾಯಿತು. ಗಾಜಿದ್ದರೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ನೀನು ಒಡೆದ ಬಲ್ಬನ್ನು ನಾಲ್ಕು ಮಡಿಕೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಬೇರೆಯಾಗಿ ಕೊಡುವುದನ್ನು ಎಷ್ಟೋ ಸಲ ನೋಡಿದ್ದೆ. ಅದೇ ಭಾಷಣದಲ್ಲಿ ಅದನ್ನೂ ಹೇಳಿದ್ದೆ. ಆದರೆ ಪೇಪರು ಮಂಚದ ಆಚೆ ಬದಿಯಲ್ಲಿತ್ತು. ಎಣ್ಣೆ, ಹೋಳು, ಗಾಜು ಎಲ್ಲವನ್ನೂ ಮೊರದಿಂದ ಬಳಿದು ಒಂದು ಕಪ್ಪು ಕವರಿಗೆ ಸುರಿದೆ. ಅದರ ಮೇಲೆ ಬೆಳಗಿನ ಈರುಳ್ಳಿ ಸಿಪ್ಪೆ, ಚಹಾದ ಚರಟ ಹಾಕಿ ಗಂಟು ಕಟ್ಟಿ ಹಸಿರು ಬಕೆಟ್ಟಿಗೆ ಇಟ್ಟೆ. ನೆಲ ಒರೆಸಿದೆ. ಜಾಡಿ ಒಡೆಯಿತು ಎಂದು ನಿನಗೆ ಹೇಳಬೇಕೆಂದುಕೊಂಡೆ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಆಟೋದ ಹಾಡು ಕೇಳಿ ನೀನು ಬಕೆಟ್ ಎತ್ತಿಕೊಂಡೆ. ಗಂಟು ಕಟ್ಟಿದ ಕವರನ್ನು ನೋಡಿ, “ಅಕ್ಕ, ಇದ್ರಾಗೆ ಬರೀ ಹಸಿ ಕಸ ತಾನೆ?” ಎಂದು ಕೇಳಿದೆ. ನಾನು ಹೊದ್ದಿಕೆಯೊಳಗಿಂದಲೇ “ಊಂ” ಅಂದೆ. ಮಂಜು, ಆ ಹೊತ್ತಿಗೆ ನಾನು ಎಚ್ಚರವಾಗಿದ್ದೆ. ನಿದ್ದೆಗಣ್ಣಿನಲ್ಲಿ ಅಂದೆ ಎಂದು ನೀನು ಅಂದುಕೊಂಡಿರಬಹುದು, ನಾಲ್ಕು ತಿಂಗಳು ನಾನೂ ಹಾಗೇ ಅಂದುಕೊಳ್ಳಲು ನೋಡಿದೆ. ಕವರಿನಲ್ಲಿ ಗಾಜಿದೆ ಎಂದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ನೆನಪಿತ್ತು. ಹೇಳಿದರೆ ನೀನು ಬಯ್ಯುತ್ತೀಯ, ಎದ್ದು ಬೇರೆ ಮಾಡು ಅನ್ನುತ್ತೀಯ, ಅದಕ್ಕೇ ಊಂ ಅಂದೆ.

ನೀಲಗಂಗಮ್ಮ ಕವರಿನ ಗಂಟು ಬಿಚ್ಚಿ, ಸಿಪ್ಪೆಯನ್ನು ಸುರಿದು ಕವರನ್ನು ಬೇರೆ ಹಾಕಲು ಒಳಗೆ ಕೈ ಹಾಕಿದರು. ಅವರು ಕೂಗಿದ್ದು ನನಗೆ ಮೇಲಕ್ಕೆ ಕೇಳಿಸಿತು. ಬಾಲ್ಕನಿಗೆ ಬಂದು ನೋಡಿದಾಗ ನೀನು ನಿನ್ನ ಟವೆಲ್ಲನ್ನು ಅವರ ಬಲಗೈಗೆ ಸುತ್ತುತ್ತಿದ್ದೆ, ಟವೆಲ್ಲು ನೋಡನೋಡುತ್ತಲೇ ಕೆಂಪಾಗುತ್ತಿತ್ತು. ಆಟೋ ಓಡಿಸುವ ಪುಟ್ಟರಾಜಣ್ಣ ಇದು ಯಾರ ಮನೆ ಕವರು ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದರು. ಮೇಡಂ ಹೊರಗೆ ಬಂದರು, ಎದುರು ಮನೆಯವರು ಬಂದರು. ನೀನು ಬಗ್ಗಿ ನೋಡಿದೆ, ಎಣ್ಣೆ ಮೆತ್ತಿದ ಗಾಜಿನ ಮೇಲೆ ಅವ್ವನ ಉಪ್ಪಿನಕಾಯಿಯ ವಾಸನೆ ನಿನಗೆ ತಿಳಿಯದೆ ಇರುತ್ತದಾ. ತಲೆಯೆತ್ತಿ ಬಾಲ್ಕನಿಯತ್ತ ನೋಡಿದೆ. ನಾನು ಕಂಬಿ ಹಿಡಿದು ನಿಂತಿದ್ದೆ. ನಾನು ಬಾಯಿ ತೆರೆಯಲಿ ಎಂದು ನೀನು ಎಷ್ಟು ಹೊತ್ತು ನೋಡಿದೆಯೋ ಗೊತ್ತಿಲ್ಲ, ನನಗೆ ಬಹಳ ಹೊತ್ತು ಅನಿಸಿತು. ಆಮೇಲೆ ಪುಟ್ಟರಾಜಣ್ಣನ ಕಡೆ ತಿರುಗಿ, “ನಮ್ದೇ ಕಣಣ್ಣ. ನಂದೇ ತಪ್ಪು” ಅಂದೆ. ಮೇಡಂ ನಿನ್ನನ್ನು ಬೀದಿಯಲ್ಲೇ ನಿಲ್ಲಿಸಿಕೊಂಡು ಬಯ್ದರು. ಅಕ್ಕ ಅಷ್ಟು ಚೆನ್ನಾಗಿ ಭಾಷಣ ಮಾಡಿ ಬಹುಮಾನ ತರುತ್ತಾಳೆ, ತಮ್ಮ ಹೀಗೆ ಎಂದರು. ಅದನ್ನೂ ಕೇಳಿಸಿಕೊಂಡು ನಾನು ಒಳಗೆ ಹೋದೆ.

ಒಂಬತ್ತು ಹೊಲಿಗೆ ಬಿತ್ತು. ಮೇಡಂ ಫೋನ್ ಮಾಡಿದ್ದರಿಂದ ಮೂರನೇ ದಿನ ದಂಡಿಗನಹಳ್ಳಿ ಕಡೆಯ ನಮ್ಮ ಊರಿನಿಂದ ಮೊದಲ ಬಸ್ಸಿಗೇ ಅಪ್ಪ ಬಂದರು. ನಮ್ಮ ಅಪ್ಪ ಚೆಲುವಯ್ಯನವರು ಮಕ್ಕಳ ಮೇಲೆ ಕೈ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನಾನು ಒಳಗೆ ಕಾಫಿ ಕಾಸುತ್ತಿದ್ದೆ. ಹೊರಗೆ ಏಟಿನ ಸದ್ದು ಕೇಳಿಸಿತು, ಆಮೇಲೆ ಅಪ್ಪನ ಮಾತು. “ದುಡ್ಕೊಂಡ್ ಉಣ್ಣೋರ ಕೈ ಕಣ್ಲಾ ಅದು. ಆ ಕೈ ಕುಯ್ದ್ಬುಟ್ಯಲ್ಲೋ.” ನಾನು ಸಕ್ಕರೆ ಹಾಕಿದ ಲೋಟಕ್ಕೇ ಮತ್ತೆ ಸಕ್ಕರೆ ಹಾಕಿ ಕಲಕುತ್ತಾ ನಿಂತಿದ್ದೆ. ಅಪ್ಪ ಹೋದ ಮೇಲೆ ನೀನು ಒಂದೇ ಮಾತು ಆಡಿದೆ. “ಇವತ್ತಾದ್ರೂ ನಿಜ ಏಳ್ತೀಯ ಅಂತ ಕಾದೆ ಕಣಕ್ಕ” ಅಂದೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಒಂದು ವಾರ ಕಳೆದು ನೀನು ಸಣ್ಣಕ್ಕತ್ತೆ ಮನೆಗೆ ಹೋದೆ, ಅಲ್ಲಿಂದಲೇ ಹೊಳೆನರಸೀಪುರದ ಕಾಲೇಜಿಗೆ ವರ್ಗ ಮಾಡಿಸಿಕೊಂಡೆ. ಹಾಸನದ ನೀರು ಒಗ್ಗಲಿಲ್ಲ ಎಂದು ಅತ್ತೆಗೆ ಹೇಳಿದೆಯಂತೆ. ಅಲ್ಲಿಯೂ ನನ್ನ ಮರ್ಯಾದೆ ಕಾಪಾಡಿದೆ.

ನೀನು ಹೋದ ಮೇಲೆ ಈ ರೂಮಿನಲ್ಲಿ ಏನು ನಡೆಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕಸವನ್ನು ಆಟೋಗೆ ಕೊಡಲು ಕೆಳಗಿಳಿಯಬೇಕು, ಇಳಿದರೆ ಪುಟ್ಟರಾಜಣ್ಣನ ಮುಖ ನೋಡಬೇಕು. ನೀಲಗಂಗಮ್ಮ ಕೆಲಸಕ್ಕೆ ಬರುತ್ತಿರಲಿಲ್ಲ, ಅವರ ಜಾಗ ಖಾಲಿ ಇರುವುದನ್ನು ನೋಡಬೇಕು. ಮೊದಲು ಹೆದರಿಕೆಗೆ ಇಳಿಯಲಿಲ್ಲ, ಆಮೇಲೆ ಅದೇ ಅಭ್ಯಾಸವಾಯಿತು. ಕವರಿನ ಮೇಲೆ ಕವರು ಬಾತ್‌ರೂಮಿನ ಪಕ್ಕ ಗುಡ್ಡೆಯಾದವು. ಹಾಲಿನ ಕವರು, ಕೊರಿಯರ್ ಡಬ್ಬಿ, ಅನ್ನ, ಮೊಟ್ಟೆ ಚಿಪ್ಪು, ಎಲ್ಲ ಒಂದರೊಳಗೆ ಒಂದು. ಬಿಳಿ ಹುಳ ಹೊರಗೆ ಹರಿದಾಡತೊಡಗಿತು. ಮೇಘಶ್ರೀ ಒಂದು ಸಲ ಬಂದವಳು ದುಪಟ್ಟಾ ಮೂಗಿಗೆ ಹಿಡಿದು, ನಿನ್ನ ತಮ್ಮ ಇದ್ದಾಗ ಈ ರೂಮು ಹೀಗಿರಲಿಲ್ಲ ಅಲ್ವಾ ಎಂದಳು. ಅದಾಗಿ ನಾಲ್ಕು ದಿನಕ್ಕೆ, ಆಗಸ್ಟ್ ಕೊನೆಯ ಒಂದು ಸಂಜೆ, ಅವಳದೇ ಸ್ಕೂಟಿ ಇಸಕೊಂಡು ನಾಲ್ಕು ಕವರುಗಳನ್ನು ಕಾಲ ಬಳಿ ಇಟ್ಟುಕೊಂಡು ಕೆರೆ ಏರಿಯ ಕಡೆ ಹೋದೆ. ಹೆಲ್ಮೆಟ್ ತೆಗೆಯದೆ, ಗಾಡಿ ಆಫ್ ಮಾಡದೆ, ಒಂದೊಂದಾಗಿ ಎಸೆದು ಬಂದೆ. ಎಷ್ಟು ಸುಲಭ ಅನಿಸಿತು ಗೊತ್ತಾ? ಮುಂದಿನ ಎರಡು ವಾರವೂ ಹಾಗೇ ಮಾಡಿದೆ. ಮೊದಲ ಬಹುಮಾನ ಪಡೆದ ನಿನ್ನ ಅಕ್ಕ.

ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ನೀಲಗಂಗಮ್ಮ. ಎಡಗೈಯಲ್ಲಿ ಒಂದು ಹರಿದ ಕವರು. ಬಲಗೈಯನ್ನು ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡಿದ್ದರು. ಎರಡು ತಿಂಗಳು ಮನೆಯಲ್ಲಿ ಕೂತಿದ್ದು ಆ ವಾರವೇ ಕೆಲಸಕ್ಕೆ ಮರಳಿದ್ದರಂತೆ. ಕೈ ಸರಿಯಾಗಿ ಹಿಡಿಯುವುದಿಲ್ಲವೆಂದು ಆಟೋ ಜೊತೆಗೆ ಬೇಡ, ಬೀದಿ ಬದಿಯ ಗುಡ್ಡೆ ತೆಗೆಯುವುದಕ್ಕೆ ಹೋಗು ಎಂದು ಮೇಲಿನವರು ಹೇಳಿದ್ದರು. ಹೀಗೆ ಕೆರೆ ಏರಿಗೆ ಹೋದವರಿಗೆ ನಾಯಿ ಎಳೆದಾಡಿದ ಕವರು ಸಿಕ್ಕಿತು, ಅದರೊಳಗೆ ನನ್ನ ಹೆಸರು, ಮನೆ ನಂಬರು ಇದ್ದ ಕೊರಿಯರ್ ಡಬ್ಬಿ. ಓದಿ ಹೇಳಿದ್ದು ಪುಟ್ಟರಾಜಣ್ಣ. ಗೇಟಿನ ಮುಂದೆ ಸುರಿದು ಬರೋಣ ಎಂದು ಅವರು ಹೊರಟರೆ, ಈಕೆ ತಡೆದು ತಾವೊಬ್ಬರೇ ಮೆಟ್ಟಿಲು ಹತ್ತಿ ಬಂದಿದ್ದರು. ಬಯ್ಯುತ್ತಾರೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವರು ಕವರನ್ನು ಹೊಸ್ತಿಲಾಚೆ ಇಟ್ಟು, ನಿನ್ನ ತಮ್ಮ ಎಲ್ಲಿ, ಚೆನ್ನಾಗಿದ್ದಾನಾ ಎಂದು ಕೇಳಿದರು. ಅರಕಲಗೂಡಿಗೆ ಹೋದ ಎಂದೆ. ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. “ಆ ಉಡ್ಗ ಬಲ್ಪ್ ಒಡುದ್ರೂ ಪೇಪರ್ನಾಗೆ ಸುತ್ತಿ, ಉಸಾರು ಕಣಮ್ಮೋ ಅಂತ ಏಳಿ ಕೊಡೋನು. ಅವನು ಗಾಜಾಕವ್ನೆ ಅಂದ್ರೆ ನಾನು ಅವತ್ತೂ ನಂಬ್ಲಿಲ್ಲ ಕಣವ್ವ.” ಇಷ್ಟು ಹೇಳಿ, ನನ್ನನ್ನು ಏನೂ ಕೇಳದೆ, ಗೋಡೆಗೆ ಎಡಗೈ ಊರಿಕೊಂಡು ಇಳಿದುಹೋದರು.

ಆಗಲೇ ಹಿಂದೆ ಓಡಿಹೋಗಿ ಹೇಳಿಬಿಟ್ಟೆ ಎಂದು ಬರೆಯುವ ಆಸೆ. ಹೇಳಲಿಲ್ಲ. ಬಾಗಿಲು ಹಾಕಿಕೊಂಡು ಅತ್ತೆ. ಅತ್ತು ಮುಗಿದ ಮೇಲೂ ಆ ಕವರು ಹೊಸ್ತಿಲ ಹತ್ತಿರವೇ ಇತ್ತು. ಬಾಲ್ಕನಿಯಲ್ಲಿ ಪೇಪರು ಹಾಸಿ, ಅದನ್ನು ಸುರಿದು, ಬೇರೆ ಮಾಡಲು ಕೂತೆ. ಎರಡು ಸಲ ವಾಂತಿ ಬಂತು. ಎಲ್ಲವೂ ನನ್ನದೇ, ನಾನು ತಿಂದು ಬಿಟ್ಟಿದ್ದು, ನಾನು ತರಿಸಿದ್ದು. ತೊಳೆದು ಒಣಗಿಸಿದ್ದರೆ ಯಾವುದೋ ಗೋಣಿಚೀಲದಲ್ಲಿ ಚೊಕ್ಕಟವಾಗಿ ಹೋಗಬೇಕಾಗಿದ್ದ ಹಾಲಿನ ಕವರುಗಳು ಕೊಳೆತ ಅನ್ನದ ಜೊತೆ ಅಂಟಿಕೊಂಡಿದ್ದವು. ಒಂದೊಂದನ್ನೇ ಬಿಡಿಸಿ, ತೊಳೆದು, ಹಗ್ಗಕ್ಕೆ ಹಾಕುವಷ್ಟರಲ್ಲಿ ಮಧ್ಯಾಹ್ನವಾಯಿತು. ನಿನ್ನ ಎರಡು ಬಕೆಟ್ಟುಗಳನ್ನು ಉಜ್ಜಿ ತೊಳೆದೆ. ನೀನು ಬರೆದ ಚೀಟಿ ನೀರಿಗೆ ಕಿತ್ತುಬಂತು, ಬೇರೆ ಬರೆದು ಅಂಟಿಸಿದೆ.

ಮರುದಿನ ಬೆಳಿಗ್ಗೆ ಕೆಳಗಿಳಿದೆ. ನಾನು ಬದಲಾಗಿಬಿಟ್ಟೆ ಎಂದುಕೊಳ್ಳಬೇಡ. ಎರಡು ದಿನ ಸರಿಯಾಗಿ ಕೊಟ್ಟೆ, ಮೂರನೇ ದಿನ ಅಲಾರಂ ಆಫ್ ಮಾಡಿ ಮಲಗಿದೆ. ಹಾಡು ಮುಂದಿನ ಬೀದಿಗೆ ಹೋಗಿದ್ದು ಕೇಳಿ ಎದ್ದು, ನೈಟಿಯ ಮೇಲೆ ದುಪಟ್ಟಾ ಹೊದ್ದು, ಎರಡೂ ಕೈಯಲ್ಲಿ ಬಕೆಟ್ ಹಿಡಿದು ಓಡಿದೆ. ಹಾಲು ತರಲು ಬಂದವರೆಲ್ಲ ನಿಂತು ನೋಡಿದರು. ಪುಟ್ಟರಾಜಣ್ಣ ಆಟೋ ನಿಲ್ಲಿಸಿ, ಹಸಿರು ಬಕೆಟ್ಟಿನಲ್ಲಿ ಬಿಸ್ಕತ್ತಿನ ಕವರು ಇಣುಕುತ್ತಿದ್ದುದನ್ನು ಬೆರಳಲ್ಲಿ ತೋರಿಸಿ, “ಭಾಷ್ಣ ಮಾಡ್ದೋರು ನೀವೇ ಅಲ್ವಾ ಮೇಡಂ?” ಎಂದರು. ಅಲ್ಲೇ ಕೂತು ತೆಗೆದೆ. ಹೀಗೆ ಮುಗ್ಗರಿಸಿಕೊಂಡೇ ತಿಂಗಳಾಯಿತು. ಈಗಲೂ ತಿಂದ ತಟ್ಟೆಯ ಮುಂದೆ ಕೂತಾಗ ಮೈ ಏಳುವುದಿಲ್ಲ. ನಾಳೆ ಎಂದು ಮನಸ್ಸು ಹೇಳುತ್ತದೆ. ನಾಳೆ ಅಂದಿದ್ದಕ್ಕೇ ಇಷ್ಟೆಲ್ಲ ಆಯಿತು ಎಂದುಕೊಂಡು ಏಳುತ್ತೇನೆ. ಮೇಘಶ್ರೀಯನ್ನು ಕರೆದುಕೊಂಡು ಎರಡು ಶನಿವಾರ ಒಣ ಕಸ ವಿಂಗಡಿಸುವ ಶೆಡ್ಡಿಗೂ ಹೋಗಿ ಕೂತು ಬಂದೆ. ಅಲ್ಲಿನ ಹೆಂಗಸರು ಗ್ಲೌಸ್ ಕೊಟ್ಟು, ಯಾವ ಪ್ಲಾಸ್ಟಿಕ್ ಯಾವ ಚೀಲಕ್ಕೆ ಎಂದು ತೋರಿಸಿಕೊಟ್ಟರು.

ಆ ಶೆಡ್ಡಿನಲ್ಲೇ ಎರಡನೇ ಶನಿವಾರ ನೀಲಗಂಗಮ್ಮ ಸಿಕ್ಕಿದರು. ಗುಡ್ಡೆ ತೆಗೆಯುವುದೂ ಕಷ್ಟವೆಂದು ಈಗ ಅಲ್ಲಿಗೆ ಹಾಕಿದ್ದರಂತೆ, ಕಾಗದದ ರಾಶಿಯ ಮುಂದೆ ಕೂತು ಎಡಗೈಯಲ್ಲಿ ಆರಿಸುತ್ತಿದ್ದರು. ಬಲಗೈ ಈಗ ಮುಷ್ಟಿ ಕಟ್ಟುತ್ತದೆ, ಆದರೆ ಹೆಬ್ಬೆರಳು ಪೂರ್ತಿ ಮಡಚುವುದಿಲ್ಲ. ಸೀರೆಗೆ ಪಿನ್ನು ಹಾಕಿಕೊಳ್ಳಲು ಸೊಸೆಯನ್ನು ಕರೆಯಬೇಕಂತೆ. ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಗಾಜು ಹಾಕಿದವಳು ನಾನು, ಮಂಜು ಅಲ್ಲ, ಎಂದು ಹೇಳಿದೆ. ಕ್ಷಮಿಸಿ ಎಂದು ಕೇಳಲು ಬಾಯಿ ಬರಲಿಲ್ಲ. ಅವರು ಕೆಲಸ ನಿಲ್ಲಿಸಲಿಲ್ಲ. “ನಂಗ್ ಗೊತ್ತಿರೋದನ್ನ ನಂಗೇ ಏಳಿ ಏನ್ ಬಂತವ್ವ. ಗೊತ್ತಿಲ್ದೋರ್ಗೆ ಓಗಿ ಏಳು” ಎಂದರು. ಆಮೇಲೆ ನನ್ನ ಮುಂದಿದ್ದ ರಾಶಿಯಿಂದ ಎಣ್ಣೆ ಮೆತ್ತಿದ ಒಂದು ಕಾಗದವನ್ನು ಎತ್ತಿ, ಇದು ಇಲ್ಲಿಗಲ್ಲ ಎಂದು ಆಚೆ ಹಾಕಿದರು. ಕ್ಷಮಿಸಿದರಾ ಇಲ್ಲವಾ ನನಗೆ ಇನ್ನೂ ಗೊತ್ತಾಗಿಲ್ಲ. ಕೇಳುವ ಧೈರ್ಯವೂ ಇಲ್ಲ.

ಅದೇ ಸಂಜೆ ಪ್ರೇಮಕುಮಾರಿ ಮೇಡಂಗೆ ಹೇಳಿದೆ. ಅವರು ಕನ್ನಡಕ ತೆಗೆದು, ಬಹಳ ಹೊತ್ತು ಸೆರಗಿನಲ್ಲಿ ಒರೆಸುತ್ತಾ ಕೂತರು. ರೂಮು ಖಾಲಿ ಮಾಡು ಅನ್ನುತ್ತಾರೆ ಎಂದು ಕಾಯುತ್ತಿದ್ದೆ. “ಆ ಹುಡುಗನಿಗೆ ನಾನು ಬೀದೀಲಿ ನಿಂತು ಬಯ್ದೆ. ನೀನು ನನ್ನ ನಡುಮನೇಲಿ ಕೂತು ಹೇಳಿದ್ರೆ ಅದು ಸರಿಹೋಗಲ್ಲ” ಎಂದರು. ಸೋಮವಾರ ಬೆಳಿಗ್ಗೆ ಆಟೋ ಬಂದಾಗ ಅವರೇ ಗೇಟಿನ ಹತ್ತಿರ ನಿಂತು, ಎದುರು ಮನೆಯವರನ್ನೂ ಪಕ್ಕದವರನ್ನೂ ಕರೆದರು. ನಾನು ಹೇಳಿದೆ. ಕಾಲೇಜಿನಲ್ಲಿ ಮೈಕಿನ ಮುಂದೆ ಹತ್ತು ನಿಮಿಷ ನಿಲ್ಲದೆ ಮಾತಾಡಿದವಳಿಗೆ ನಾಲ್ಕು ಮಾತು ಹೇಳಲು ಮೂರು ಸಲ ಮೊದಲಿನಿಂದ ಶುರುಮಾಡಬೇಕಾಯಿತು. ಜಾಡಿ ಒಡೆದದ್ದು ನಾನು, ಕವರಿಗೆ ಹಾಕಿದ್ದು ನಾನು, ಹಸಿ ಕಸ ತಾನೇ ಎಂದು ತಮ್ಮ ಕೇಳಿದಾಗ ಸುಳ್ಳು ಹೇಳಿದ್ದು ನಾನು. ಯಾರೂ ಬಯ್ಯಲಿಲ್ಲ. ಎದುರು ಮನೆಯಾಕೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರು. ಪುಟ್ಟರಾಜಣ್ಣ ಸ್ಟೇರಿಂಗ್ ಹಿಡಿದು ಎದುರಿಗೇ ನೋಡುತ್ತಾ, “ಆ ಉಡ್ಗನ ಮ್ಯಾಲೆ ನಾನೂ ರೇಗಾಡ್ಬುಟ್ಟೆ” ಎಂದು ತಮಗೆ ತಾವೇ ಹೇಳಿಕೊಂಡರು. ಫ್ರಿಜ್ಜಿನ ಮೇಲಿನ ಫೋಟೋವನ್ನು ನಾನೇ ಕೇಳಿ ತೆಗೆಸಿದೆ.

ಕೊನೆಗೆ ಅಪ್ಪ. ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಹೊಲದಲ್ಲಿ ಮುಸುಕಿನ ಜೋಳ ಮುರಿಯುತ್ತಿದ್ದರು, ಅವ್ವ ಇನ್ನೊಂದು ಸಾಲಿನಲ್ಲಿದ್ದಳು. ನಾನೂ ಅಪ್ಪನ ಪಕ್ಕದ ಸಾಲು ಹಿಡಿದೆ. ಬದುವಿಗೆ ಬಂದು ನೀರು ಕುಡಿಯುವಾಗ ಹೇಳಿದೆ. ಅಪ್ಪ ಚೊಂಬನ್ನು ಕೆಳಗಿಡಲಿಲ್ಲ, ಕುಡಿಯಲೂ ಇಲ್ಲ. “ನಾನ್ ಅವನ್ಗೆ ಒಡ್ದಾಗ ನೀನೆಲ್ಲಿದ್ದೆ?” ಎಂದು ಕೇಳಿದರು. ಒಳಗೆ ಕಾಫಿ ಕಾಸುತ್ತಿದ್ದೆ, ಕೇಳಿಸಿತು ಎಂದೆ. ಮತ್ತೆ ಸಾಲಿಗೆ ಇಳಿದರು, ಸಂಜೆಯವರೆಗೂ ಒಂದು ಮಾತಿಲ್ಲ. ನನಗೂ ಒಂದು ಏಟು ಬಿದ್ದಿದ್ದರೆ ಹಗುರವಾಗುತ್ತಿತ್ತು, ಅದನ್ನೂ ಕೊಡಲಿಲ್ಲ. ನಾನು ಹೊರಡುವಾಗ ಯಾವಾಗಲೂ ಬಸ್ ಸ್ಟಾಪಿನವರೆಗೆ ಬ್ಯಾಗು ಹೊತ್ತು ಬರುವವರು ಅವತ್ತು ಕೊಟ್ಟಿಗೆಯಿಂದ ಈಚೆಗೆ ಬರಲಿಲ್ಲ. ಅವ್ವ ಬಂದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು, ಆದರೆ ಬಸ್ಸು ಹತ್ತುವಾಗ, ನೀನು ಅವನಿಗೆ ಹಾಗೆ ಮಾಡಬಾರದಿತ್ತು ಎಂದಳು. ಹೌದು, ಮಾಡಬಾರದಿತ್ತು.

ಈಗ ನಿನಗೆ. ಮಂಜು, ನಾನು ತಪ್ಪು ಮಾಡಿದೆ. ನಿನ್ನ ಹೆಸರಿನ ಹಿಂದೆ ಅವಿತು ಕೂತೆ. ನೀನು ನನ್ನನ್ನು ಕ್ಷಮಿಸಬೇಕೆಂದು ಈ ಕಾಗದ ಬರೆಯುತ್ತಿಲ್ಲ. ನೀನು ಮೂರು ಸಲ ಬಾಯಿ ಬಿಡಬಹುದಾಗಿತ್ತು, ಬೀದಿಯಲ್ಲಿ, ಅಪ್ಪನ ಮುಂದೆ, ಅತ್ತೆಯ ಮನೆಯಲ್ಲಿ. ಬಿಡಲಿಲ್ಲ. ಅದನ್ನು ಇನ್ನು ಮುಂದೆ ನೀನು ಹೊರಬೇಕಾಗಿಲ್ಲ ಎಂದು ತಿಳಿಸಲು ಬರೆದೆ. ಈ ಬೀದಿಯಲ್ಲಿ, ನಮ್ಮ ಮನೆಯಲ್ಲಿ, ಎಲ್ಲರಿಗೂ ಈಗ ಗೊತ್ತು. ಸಣ್ಣಕ್ಕತ್ತೆಗೆ ನಾನೇ ಬಂದು ಹೇಳಬೇಕು, ನೀನು ಬಾ ಎಂದ ದಿನ ಬರುತ್ತೇನೆ. ಬಾ ಅನ್ನದಿದ್ದರೆ ಅತ್ತೆಗೆ ಬೇರೆ ಕಾಗದ ಬರೆಯುತ್ತೇನೆ.

ಊಟ ತಪ್ಪಿಸಬೇಡ. ಬಸ್ಸಿನಲ್ಲಿ ನಿಂತುಕೊಂಡು ಓದಿ ಕಣ್ಣು ಕೆಡಿಸಿಕೊಳ್ಳಬೇಡ. ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳುವುದು ನಿನ್ನ ಇಷ್ಟ. ನೀನು ಎಲ್ಲಿದ್ದರೂ ನಿನ್ನ ಮೈ ನೆಟ್ಟಗಿರಲಿ, ನೀನು ಓದಿದ್ದು ನಿನ್ನ ಕೈ ಹಿಡಿಯಲಿ ಎಂದು ಹಿರಿಯಳಾಗಿ ಹರಸುವ ಯೋಗ್ಯತೆ ನನಗಿಲ್ಲ. ಆದರೂ ಹರಸುತ್ತೇನೆ.

ನಿನ್ನ ಅಕ್ಕ,
ಯಶಸ್ವಿನಿ

ಇನ್ನೊಂದು ಮಾತು: ಕಾಗದ ಮಡಚುವಷ್ಟರಲ್ಲಿ ಅವ್ವ ಫೋನ್ ಮಾಡಿದಳು. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ, ತಡವಾಗುತ್ತದೆ. ಮೇಘಶ್ರೀ ನಾಳೆ ಬೆಳಿಗ್ಗೆ ರೈಲಿಗೆ ಹೊಳೆನರಸೀಪುರದ ತನ್ನ ಮನೆಗೆ ಹೋಗುತ್ತಿದ್ದಾಳೆ, ನಿನ್ನ ಕಾಲೇಜಿಗೇ ಬಂದು ಕೊಡುತ್ತಾಳೆ. ಕಾಗದ ತೆಗೆದುಕೊಂಡು ಹೋಗಲು ಈಗ ಕೆಳಗೆ ಕಾಯುತ್ತಿದ್ದಾಳೆ. ಅಪ್ಪ ಬುಧವಾರ ಅರಕಲಗೂಡಿಗೆ ಬರುತ್ತಾರಂತೆ. ಯಾಕೆ ಎಂದು ಅವ್ವನಿಗೂ ಹೇಳಿಲ್ಲ. ಇವತ್ತು ಚನ್ನರಾಯಪಟ್ಟಣಕ್ಕೆ ಹೋಗಿ ಕ್ಷೌರ ಮಾಡಿಸಿಕೊಂಡು, ಮದುವೆಗೆ ಹಾಕುವ ಬಿಳಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದಾರಂತೆ. ನಾನೂ ಬರಲಾ ಎಂದು ಅವ್ವ ಕೇಳಿದ್ದಕ್ಕೆ, ಬೇಡ, ಮೊದಲು ನಾನೊಬ್ಬನೇ ಅವನ ಮುಂದೆ ನಿಲ್ಲಬೇಕು ಎಂದರಂತೆ. ಅವರಿಗೆ ಇಂಥ ಮಾತು ಆಡಿ ಅಭ್ಯಾಸವಿಲ್ಲ, ಬಂದು ಸುಮ್ಮನೆ ಕೂತುಬಿಡಬಹುದು. ಬುಧವಾರ ಕಾಲೇಜಿಗೆ ಹೋಗಬೇಡ ಮಂಜು, ಮನೆಯಲ್ಲಿರು.